ದೋಣಿ ಮಗುಚಿದರೆ: ನೀರಿನಲ್ಲಿ, ದಡದಲ್ಲಿ, ಆಮೇಲೆ ಮನೆಯಲ್ಲಿ

ನಮ್ಮೂರು ಕಲ್ಲಡ್ಕಕ್ಕೆ ಕಡಲು ಕಾಣುವುದಿಲ್ಲ. ಆದರೂ ರಜೆ ಸಿಕ್ಕಿದರೆ ನಮ್ಮವರು ಮಲ್ಪೆಗೆ ಹೋಗಿ ಸೇಂಟ್ ಮೇರೀಸ್ ದ್ವೀಪದ ದೋಣಿ ಹತ್ತುತ್ತಾರೆ. ಕೆರೆಯಲ್ಲೋ ನೇತ್ರಾವತಿಯಲ್ಲೋ ಕಲಿತ ಈಜು ಕಡಲಿಗೆ ಸಾಲದು. 2019ರ ಜನವರಿ 21ರಂದು ಕಾರವಾರದ ಕೂರ್ಮಗಡ ದ್ವೀಪದಲ್ಲಿ ನರಸಿಂಹ ದೇವರ ಜಾತ್ರೆ ಮುಗಿಸಿ ಮರಳುತ್ತಿದ್ದ ದೋಣಿ ಮಗುಚಿ 16 ಮಂದಿ ತೀರಿಕೊಂಡರು. ಇಂಥ ಹೊತ್ತಿನಲ್ಲಿ, ಆಮೇಲಿನ ದುಃಖದಲ್ಲೂ, ನೆನಪಿಡಬೇಕಾದ್ದು ಒಂದೇ: ಒಬ್ಬಂಟಿಯಾಗಿ ಸೆಣಸಬೇಡಿ.

ಹಂತ 1: ಹತ್ತುವ ಮೊದಲು
ಲೈಫ್ ಜಾಕೆಟ್ ತೊಟ್ಟು ಪಟ್ಟಿಗಳನ್ನೆಲ್ಲ ಬಿಗಿಯಿರಿ. ಭುಜದ ಬಳಿ ಹಿಡಿದು ಎಳೆದಾಗ ಅದು ಗಲ್ಲ ದಾಟಿ ಮೇಲೆ ಬಂದರೆ ಸಡಿಲವಾಗಿದೆ. ಮಕ್ಕಳಿಗೆ ಮಕ್ಕಳ ಅಳತೆಯದ್ದೇ ಬೇಕು. ಜನ ಕಿಕ್ಕಿರಿದ ದೋಣಿ ಹತ್ತಬೇಡಿ. ಫೋಟೋಗೆಂದು ಎಲ್ಲರೂ ಒಂದೇ ಬದಿಗೆ ಸರಿಯಬೇಡಿ.

ಹಂತ 2: ಮಗುಚಿದಾಗ
ಮೇಲೆ ಬಂದ ಕೂಡಲೇ ದೋಣಿಯನ್ನು ಹಿಡಿದುಕೊಳ್ಳಿ. ಮಗುಚಿದ ದೋಣಿ ಎಷ್ಟೋ ಸಲ ತೇಲುತ್ತಲೇ ಇರುತ್ತದೆ. ಹುಡುಕುವವರಿಗೆ ಒಂಟಿ ತಲೆಗಿಂತ ಬೇಗ ಕಾಣುತ್ತದೆ. ದಡ ಹತ್ತಿರವೆನಿಸಿದರೂ ಈಜಲು ಹೊರಡಬೇಡಿ.

ಹಂತ 3: ಒಟ್ಟಿಗಿರಿ
ತೋಳಿಗೆ ತೋಳು ಹೆಣೆದು ಮಕ್ಕಳನ್ನು ನಡುವೆ ಇರಿಸಿಕೊಳ್ಳಿ. ಹೆಸರು ಕೂಗಿ ಎಣಿಸಿ. ಜಾಕೆಟ್ ಇಲ್ಲದವರಿಗೆ ಹಲಗೆ, ಮುಚ್ಚಿದ ಖಾಲಿ ಕ್ಯಾನ್ ಕೊಡಿ. ಉಪ್ಪುನೀರು ಕುಡಿಯಬೇಡಿ.

ಹಂತ 4: ದಡದಲ್ಲಿರುವವರು
112ಕ್ಕೆ, ಕರಾವಳಿ ಕಾವಲು ಪೊಲೀಸರ 1093ಕ್ಕೆ ಅಥವಾ ಕೋಸ್ಟ್ ಗಾರ್ಡ್‌ನ 1554ಕ್ಕೆ ಫೋನ್ ಮಾಡಿ. ಎಲ್ಲಿ, ಎಷ್ಟು ಹೊತ್ತಿಗೆ, ಎಷ್ಟು ಮಂದಿ ಎಂದು ತಿಳಿಸಿ.

ಹಂತ 5: ಮೇಲೆತ್ತಿದ ಮೇಲೆ
ಹೊಟ್ಟೆ ಅದುಮಬೇಡಿ, ತಲೆಕೆಳಗಾಗಿ ಹಿಡಿಯಬೇಡಿ. ಉಸಿರಿಲ್ಲದಿದ್ದರೆ ಅಂಗಾತ ಮಲಗಿಸಿ, ಮೂಗು ಮುಚ್ಚಿ, ಬಾಯಿಗೆ ಬಾಯಿಯಿಟ್ಟು 2 ಸಲ ಊದಿ. ಎದೆಯ ನಡುವೆ 30 ಸಲ ಒತ್ತಿ. ಸಹಾಯ ಬರುವ ತನಕ ಇವೆರಡನ್ನೂ ಸರದಿಯಂತೆ ಮುಂದುವರಿಸಿ. ಚೇತರಿಸಿಕೊಂಡವರನ್ನೂ ಆಸ್ಪತ್ರೆಗೆ ಕರೆದೊಯ್ಯಿರಿ. ಕೆಲವು ಗಂಟೆಗಳ ನಂತರವೂ ಉಸಿರಾಟ ಕೆಡಬಹುದು.

ಹಂತ 6: ದೇಹ ಸಿಗದಿದ್ದರೆ
2018ರ ಡಿಸೆಂಬರ್‌ನಲ್ಲಿ ಮಲ್ಪೆಯಿಂದ 7 ಮೀನುಗಾರರೊಂದಿಗೆ ಹೊರಟ ‘ಸುವರ್ಣ ತ್ರಿಭುಜ’ ಬೋಟಿನ ಅವಶೇಷ 2019ರ ಮೇ ತಿಂಗಳಲ್ಲಿ ಮಹಾರಾಷ್ಟ್ರದ ಮಾಲ್ವಣ್ ಬಳಿ ನೌಕಾಪಡೆಗೆ ಸಿಕ್ಕಿತು. ಹೋದವರು ಮರಳಲಿಲ್ಲ. ಹೀಗಾದರೆ ಪೊಲೀಸ್ ದೂರಿನ ಪ್ರತಿಯನ್ನು ಜೋಪಾನವಾಗಿಡಿ. 7 ವರ್ಷ ಸುಳಿವಿಲ್ಲದವರು ತೀರಿಹೋದರೆಂದು ಕಾನೂನು ಭಾವಿಸುತ್ತದೆ. ಮರಣಪತ್ರ, ವಿಮೆ, ಪರಿಹಾರ ಎಲ್ಲಕ್ಕೂ ಆ ದೂರೇ ಆಧಾರ. ತಾಲೂಕು ಕಾನೂನು ಸೇವಾ ಸಮಿತಿಯಲ್ಲಿ ಮಹಿಳೆಯರಿಗೆ ಆದಾಯ ಎಷ್ಟೇ ಇದ್ದರೂ ವಕೀಲರ ನೆರವು ಉಚಿತ. ಉತ್ತರಕ್ರಿಯೆಯ ಬೊಜ್ಜವೋ ಮೃತರಿಗಾಗಿ ಮಾಡುವ ಮಯ್ಯಿತ್ ನಮಾಝೋ, ಯಾವಾಗ ಎಂಬುದನ್ನು ಮನೆಯವರೇ ನಿರ್ಧರಿಸಲಿ. ಅವಸರಪಡಿಸಬೇಡಿ.

ಹಂತ 7: ಉಳಿದು ಬಂದವರು
“ನಾನೇ ಕೈಬಿಟ್ಟೆ” ಎಂಬ ಕೊರಗು ಅವರನ್ನು ಕಾಡುತ್ತದೆ. ಅಲೆಯ ಬಲದ ಮುಂದೆ ಕೈ ಜಾರುವುದು ತಪ್ಪಲ್ಲ. ಬದುಕಿ ಬಂದದ್ದೂ ತಪ್ಪಲ್ಲ. ಇದನ್ನು ಅವರಿಗೆ ಬಾಯಿಬಿಟ್ಟು ಹೇಳಿ. ತಿಂಗಳು ಕಳೆದರೂ ನಿದ್ದೆ ಬಾರದಿದ್ದರೆ, ನೀರು ಕಂಡರೆ ಮೈ ನಡುಗಿದರೆ ವೈದ್ಯರಿಗೆ ತೋರಿಸಿ. ಸಾಯುವ ಯೋಚನೆ ಬಂದರಂತೂ ಒಂದು ದಿನವೂ ಕಾಯಬೇಡಿ. ಟೆಲಿ ಮನಸ್ 14416 ಹಗಲೂ ರಾತ್ರಿಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಹಂತ 8: ನೆರೆಕರೆಯವರು
“ಅವನನ್ನು ಯಾಕೆ ಬಿಟ್ಟು ಬಂದೆ?” ಎಂದು ಯಾರೂ ಕೇಳಕೂಡದು. ಬೊಜ್ಜ ಮುಗಿದು ನೆಂಟರು ಹೊರಟ ಮೇಲೆ ಮನೆ ಬಿಕೋ ಎನ್ನುತ್ತದೆ. ನೀವು ಹೋಗಬೇಕಾದ್ದು ಆಗ. ಪೇಟೆಗೆ ಒಂದು ಕೆ.ಟಿ. (ಕಲ್ಲಡ್ಕ ಟೀ) ಕುಡಿಯಲು ಕರೆಯಿರಿ, ತಾಲೂಕು ಕಚೇರಿಗೆ ಜೊತೆಗೆ ಹೋಗಿ. ತೀರಿಹೋದವರ ಹೆಸರು ಹೇಳಲು ಹಿಂಜರಿಯಬೇಡಿ. ವರ್ಷ ತುಂಬುವ ದಿನವನ್ನು ಈಗಲೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ; ಆ ದಿನವೂ ಆ ಮನೆಗೆ ಹೋಗಿ.