ಪದವಿಪತ್ರದಿಂದ ಮಾನ್ಯತೆಯವರೆಗೆ: ಆಸ್ಟ್ರೇಲಿಯಾದಲ್ಲಿ ವಿದೇಶೀ ತಜ್ಞವೈದ್ಯರ ಪರಿಶೀಲನೆ

ರಫ್ತು ವ್ಯವಹಾರದಲ್ಲಿ ತೊಡಗಿರುವ ಪ್ರತಿಯೊಬ್ಬ ತಯಾರಕನೂ ಒಂದು ಸಂಗತಿಯನ್ನು ಬಲ್ಲನು. ಇಲ್ಲಿ ಪರೀಕ್ಷೆಗೊಳಪಟ್ಟು ಉತ್ತೀರ್ಣವಾದ ಸರಕನ್ನು ಹೊರದೇಶದ ಖರೀದಿದಾರನು ಮತ್ತೊಮ್ಮೆ ಪರೀಕ್ಷಿಸುತ್ತಾನೆ. ಹಡಗಿನಲ್ಲಿ ಸಾಗುವಾಗ ಸರಕಿನ ಗುಣ ಬದಲಾಗಿರುವುದಿಲ್ಲ. ಪ್ರಮಾಣಪತ್ರ ನೀಡಿದ ಸಂಸ್ಥೆಯ ಪರಿಚಯ ಅಲ್ಲಿನವರಿಗೆ ಇರುವುದಿಲ್ಲ, ಅಷ್ಟೆ. ಸೇವಾ ವಾಣಿಜ್ಯದಲ್ಲಿಯೂ ಇದೇ ಪರಿಸ್ಥಿತಿಯಿದೆ. ಹತ್ತು ವರ್ಷ ಶಸ್ತ್ರಚಿಕಿತ್ಸೆ ನಡೆಸಿದ ತಜ್ಞನೊಬ್ಬನು ಸಮುದ್ರ ದಾಟಿದೊಡನೆ ತನ್ನ ವಿದ್ಯೆಯನ್ನು ಪುನಃ ಸಾಬೀತುಪಡಿಸಬೇಕಾಗುತ್ತದೆ. ಆಸ್ಟ್ರೇಲಿಯಾದ ವ್ಯವಸ್ಥೆಯು ಇದಕ್ಕೆ ಸ್ಪಷ್ಟವಾದ ನಿದರ್ಶನ.

ಒಪ್ಪಂದಗಳು ಹೇಳುವುದೇನು?

1995ರ ಜನವರಿ 1ರಂದು ಜಾರಿಗೆ ಬಂದ ಸೇವಾ ವಾಣಿಜ್ಯದ ಸಾಮಾನ್ಯ ಒಪ್ಪಂದವು ಸೇವೆಗಳ ಪೂರೈಕೆಯನ್ನು ನಾಲ್ಕು ವಿಧಗಳಾಗಿ ವಿಂಗಡಿಸುತ್ತದೆ. ವ್ಯಕ್ತಿಯೇ ಹೊರದೇಶಕ್ಕೆ ತೆರಳಿ ಸೇವೆ ಸಲ್ಲಿಸುವುದು ನಾಲ್ಕನೆಯ ವಿಧ. ಇದೇ ಒಪ್ಪಂದದ ಏಳನೆಯ ವಿಧಿಯು ವಿದ್ಯಾರ್ಹತೆಯ ಮಾನ್ಯತೆಗೆ ಸಂಬಂಧಿಸಿದೆ. ಅದರಂತೆ ಸದಸ್ಯ ರಾಷ್ಟ್ರವು ಮತ್ತೊಂದು ರಾಷ್ಟ್ರದ ಶಿಕ್ಷಣ ಅಥವಾ ಅನುಭವವನ್ನು ಒಪ್ಪಂದದ ಮೂಲಕವಾಗಲಿ, ಸ್ವಇಚ್ಛೆಯಿಂದಾಗಲಿ ಮಾನ್ಯ ಮಾಡಬಹುದು. ಮಾನ್ಯ ಮಾಡಲೇಬೇಕೆಂಬ ನಿರ್ಬಂಧವಿಲ್ಲ. ಆದರೆ ಒಂದು ರಾಷ್ಟ್ರಕ್ಕೆ ಸ್ವಇಚ್ಛೆಯಿಂದ ಮಾನ್ಯತೆ ನೀಡಿದಲ್ಲಿ, ತಮ್ಮ ಅರ್ಹತೆಯೂ ಅದಕ್ಕೆ ಯೋಗ್ಯವೆಂದು ತೋರಿಸಲು ಇತರ ಸದಸ್ಯ ರಾಷ್ಟ್ರಗಳಿಗೆ ಸೂಕ್ತ ಅವಕಾಶ ಒದಗಿಸಬೇಕು.

ಇಲ್ಲಿ ಎರಡು ಬಗೆಯ ಮಾನ್ಯತೆಗಳನ್ನು ಬೇರ್ಪಡಿಸಿ ನೋಡುವುದು ಅವಶ್ಯಕ. 2023ರ ಮಾರ್ಚ್‌ನಲ್ಲಿ ಭಾರತ ಮತ್ತು ಆಸ್ಟ್ರೇಲಿಯಾ ಸರ್ಕಾರಗಳು ವಿದ್ಯಾರ್ಹತೆಗಳ ಪರಸ್ಪರ ಮಾನ್ಯತೆಯ ವ್ಯವಸ್ಥೆಯೊಂದಕ್ಕೆ ಸಹಿ ಹಾಕಿದವು. ಇದರಿಂದ ಉನ್ನತ ವ್ಯಾಸಂಗಕ್ಕೆ ತೆರಳುವವರಿಗೆ ಅನುಕೂಲವಾಯಿತು. ಆದರೆ ವೈದ್ಯಕೀಯ, ಎಂಜಿನಿಯರಿಂಗ್, ಕಾನೂನು ಮುಂತಾದ ವೃತ್ತಿಗಳ ನೋಂದಣಿಯನ್ನು ಈ ವ್ಯವಸ್ಥೆಯಿಂದ ಹೊರಗಿಡಲಾಯಿತು. ಪದವಿಯನ್ನು ಒಪ್ಪುವುದು ಬೇರೆ, ರೋಗಿಯನ್ನು ಮುಟ್ಟಲು ಅನುಮತಿ ನೀಡುವುದು ಬೇರೆ.

ಬಿಗಿಯಾದ ಪರಿಶೀಲನೆಯ ಹಿನ್ನೆಲೆ

ಈ ಎಚ್ಚರಿಕೆಗೆ ಕಾರಣವಿದೆ. 2003ರಲ್ಲಿ ಕ್ವೀನ್ಸ್‌ಲ್ಯಾಂಡ್ ರಾಜ್ಯದ ಬಂಡಬರ್ಗ್ ಪಟ್ಟಣದ ಸಾರ್ವಜನಿಕ ಆಸ್ಪತ್ರೆಯಲ್ಲಿ ವಿದೇಶೀ ಶಿಕ್ಷಣ ಪಡೆದ ಶಸ್ತ್ರವೈದ್ಯನೊಬ್ಬನನ್ನು ನೇಮಿಸಿ, ಶಸ್ತ್ರಚಿಕಿತ್ಸಾ ವಿಭಾಗದ ಮುಖ್ಯಸ್ಥನನ್ನಾಗಿ ಮಾಡಲಾಯಿತು. ಅಮೆರಿಕದಲ್ಲಿ ಆತನ ಮೇಲೆ ಶಿಸ್ತುಕ್ರಮ ಜರುಗಿತ್ತು. ಅರ್ಜಿಯಲ್ಲಿ ಆ ವಿಷಯವನ್ನು ಮರೆಮಾಚಲಾಗಿತ್ತು. ಅರ್ಜಿದಾರನೇ ಒದಗಿಸಿದ ಕಾಗದಪತ್ರಗಳನ್ನು ನಂಬಲಾಗಿತ್ತೇ ಹೊರತು ಮೂಲ ಸಂಸ್ಥೆಯನ್ನು ವಿಚಾರಿಸಿರಲಿಲ್ಲ. ರೋಗಿಗಳಿಗೆ ಗಂಭೀರ ಹಾನಿಯುಂಟಾದ ನಂತರ 2005ರಲ್ಲಿ ವಿಚಾರಣಾ ಆಯೋಗ ನೇಮಕಗೊಂಡು, ಈ ಲೋಪವನ್ನು ಬಯಲಿಗೆ ತಂದಿತು. ಮುಂದೆ 2010ರ ಜುಲೈ 1ರಿಂದ ರಾಜ್ಯಗಳ ಪ್ರತ್ಯೇಕ ನೋಂದಣಿ ಪದ್ಧತಿಯ ಬದಲು ರಾಷ್ಟ್ರೀಯ ನೋಂದಣಿ ವ್ಯವಸ್ಥೆ ಆರಂಭವಾಯಿತು.

ಪರಿಶೀಲನೆಯ ಹಂತಗಳು

ತಜ್ಞವೈದ್ಯರಿಗಾಗಿ ಇರುವ ಮಾರ್ಗದಲ್ಲಿ ಮುಖ್ಯವಾಗಿ ನಾಲ್ಕು ಹಂತಗಳಿವೆ.

1. ಮೂಲ ಪರಿಶೀಲನೆ: ಅರ್ಜಿದಾರನ ಪದವಿಗಳನ್ನು ಅಮೆರಿಕದ ಇ.ಸಿ.ಎಫ್.ಎಂ.ಜಿ. ಸಂಸ್ಥೆಯ 'ಎಪಿಕ್' ಸೇವೆಯ ಮುಖಾಂತರ, ಪದವಿ ನೀಡಿದ ಸಂಸ್ಥೆಯಿಂದಲೇ ನೇರವಾಗಿ ದೃಢಪಡಿಸಿಕೊಳ್ಳಲಾಗುತ್ತದೆ. ಅರ್ಜಿದಾರನ ಕೈಯಲ್ಲಿರುವ ಪ್ರತಿಗೆ, ಅದು ಎಷ್ಟೇ ದೃಢೀಕೃತವಾಗಿದ್ದರೂ, ಇಲ್ಲಿ ಪೂರ್ಣ ಬೆಲೆಯಿಲ್ಲ.

2. ಹೋಲಿಕೆ: ಆಯಾ ವಿಷಯದ ತಜ್ಞರ ಕಾಲೇಜು ಅರ್ಜಿದಾರನ ತರಬೇತಿ, ಅನುಭವ ಮತ್ತು ಇತ್ತೀಚಿನ ವೃತ್ತಿಕಾರ್ಯವನ್ನು ಅಲ್ಲಿಯೇ ತರಬೇತಿ ಪಡೆದ ತಜ್ಞನ ಮಟ್ಟದೊಂದಿಗೆ ಹೋಲಿಸುತ್ತದೆ; ಸಂದರ್ಶನವನ್ನೂ ನಡೆಸುತ್ತದೆ. ಪದವಿಯ ಹೆಸರಿಗಿಂತ ತರಬೇತಿಯ ಅವಧಿ, ರಚನೆ, ಮೌಲ್ಯಮಾಪನ ಕ್ರಮ ಹಾಗೂ ನಿರ್ವಹಿಸಿದ ಪ್ರಕರಣಗಳ ದಾಖಲೆ ಇಲ್ಲಿ ಮುಖ್ಯವಾಗುತ್ತವೆ.

3. ಮೇಲ್ವಿಚಾರಣೆಯ ಸೇವೆ: ವೈದ್ಯಕೀಯ ಮಂಡಳಿಯು ಷರತ್ತುಬದ್ಧ ನೋಂದಣಿ ನೀಡಿದ ನಂತರ ಅಭ್ಯರ್ಥಿಯು ನಿಗದಿತ ಅವಧಿ ಹಿರಿಯರ ನಿಗಾದಲ್ಲಿ ಕೆಲಸ ಮಾಡಬೇಕು. ಇಂಗ್ಲಿಷ್ ಭಾಷಾ ಸಾಮರ್ಥ್ಯದ ಪುರಾವೆಯನ್ನು ಒದಗಿಸಬೇಕು. ಹಿಂದೆ ವೃತ್ತಿ ನಡೆಸಿದ ದೇಶಗಳ ನೋಂದಣಿ ಸಂಸ್ಥೆಗಳಿಂದ ಸನ್ನಡತೆಯ ಪತ್ರ ನೇರವಾಗಿ ತಲುಪಬೇಕು.

4. ತಜ್ಞ ನೋಂದಣಿ: ಕಾಲೇಜಿನ ಶಿಫಾರಸಿನ ಆಧಾರದ ಮೇಲೆ ಮಂಡಳಿಯು ತಜ್ಞನೆಂದು ನೋಂದಾಯಿಸುತ್ತದೆ. 'ತಜ್ಞ' ಎಂಬ ಬಿರುದನ್ನು ಕಾನೂನುಬದ್ಧವಾಗಿ ಬಳಸಲು ಇದು ಅವಶ್ಯಕ.

ಮೂರು ತೀರ್ಮಾನಗಳು

ಅಭ್ಯರ್ಥಿಯ ಭವಿಷ್ಯವು ಎರಡನೆಯ ಹಂತದ ಫಲಿತಾಂಶವನ್ನೇ ಅವಲಂಬಿಸಿದೆ. 'ಬಹುತೇಕ ಸಮಾನ' ಎಂಬ ತೀರ್ಮಾನ ದೊರೆತಲ್ಲಿ ಹನ್ನೆರಡು ತಿಂಗಳವರೆಗಿನ ಮೇಲ್ವಿಚಾರಣೆ ಸಾಕಾಗುತ್ತದೆ. 'ಭಾಗಶಃ ಸಮಾನ' ಎಂದಾದಲ್ಲಿ ಇಪ್ಪತ್ತನಾಲ್ಕು ತಿಂಗಳವರೆಗಿನ ಸೇವೆಯೊಂದಿಗೆ ಹೆಚ್ಚುವರಿ ತರಬೇತಿ, ಕೆಲವೊಮ್ಮೆ ಪರೀಕ್ಷೆಯೂ ಇರುತ್ತದೆ. 'ಸಮಾನವಲ್ಲ' ಎಂದಾದಲ್ಲಿ ತಜ್ಞರ ಮಾರ್ಗ ಅಲ್ಲಿಗೇ ಮುಗಿಯುತ್ತದೆ. ಆಗ ಸಾಮಾನ್ಯ ವೈದ್ಯರಿಗಾಗಿ ಇರುವ ಲಿಖಿತ ಹಾಗೂ ಚಿಕಿತ್ಸಾ ಪರೀಕ್ಷೆಗಳನ್ನು ಬರೆದು, ಮೊದಲಿನಿಂದ ಆರಂಭಿಸಬೇಕಾಗುತ್ತದೆ. ಸ್ವದೇಶದಲ್ಲಿ ಕಿರಿಯರಿಗೆ ಕಲಿಸುತ್ತಿದ್ದ ವ್ಯಕ್ತಿಯು ಅಲ್ಲಿ ಕಿರಿಯ ವೈದ್ಯನ ಸ್ಥಾನದಲ್ಲಿ ನಿಲ್ಲಬೇಕಾದ ಪ್ರಸಂಗವಿದು.

ನೋಂದಣಿಯ ನಂತರವೂ ಒಂದು ಷರತ್ತು ಉಳಿಯುತ್ತದೆ. 1973ರ ಆರೋಗ್ಯ ವಿಮಾ ಕಾಯಿದೆಯ 19ಎ.ಬಿ. ವಿಧಿಯನ್ವಯ, ವಿದೇಶೀ ಶಿಕ್ಷಣ ಪಡೆದ ವೈದ್ಯರು ಸರ್ಕಾರಿ ವಿಮೆಯಾದ ಮೆಡಿಕೇರ್‌ನ ಹಣಪಾವತಿ ಪಡೆಯಲು ಸಾಮಾನ್ಯವಾಗಿ ಹತ್ತು ವರ್ಷಗಳವರೆಗೆ ವೈದ್ಯರ ಕೊರತೆಯಿರುವ ಪ್ರದೇಶಗಳಲ್ಲಿಯೇ ಸೇವೆ ಸಲ್ಲಿಸಬೇಕು. ಪ್ರವೇಶದ ಬೆಲೆಯನ್ನು ಹೀಗೂ ವಸೂಲು ಮಾಡಲಾಗುತ್ತದೆ.

ಶೀಘ್ರ ಮಾರ್ಗ

ವೈದ್ಯರ ಕೊರತೆಯಿಂದಾಗಿ ಆಸ್ಟ್ರೇಲಿಯಾವು ತನ್ನ ಪದ್ಧತಿಯನ್ನೇ ಪುನರ್ವಿಮರ್ಶಿಸಬೇಕಾಯಿತು. ರಾಬಿನ್ ಕ್ರುಕ್ ಅವರು 2023ರಲ್ಲಿ ಸಲ್ಲಿಸಿದ ವರದಿಯು ಪರಿಶೀಲನೆಯ ವಿಳಂಬ ಮತ್ತು ವೆಚ್ಚಗಳನ್ನು ತಗ್ಗಿಸಲು ಶಿಫಾರಸು ಮಾಡಿತು. ಅದರಂತೆ 2024ರ ಅಕ್ಟೋಬರ್‌ನಲ್ಲಿ ಕುಟುಂಬ ವೈದ್ಯ ವಿಭಾಗಕ್ಕೆ ಶೀಘ್ರ ಮಾರ್ಗವೊಂದು ತೆರೆಯಿತು. ನಂತರ ಅರಿವಳಿಕೆ, ಮನೋವೈದ್ಯ, ಪ್ರಸೂತಿ ವಿಭಾಗಗಳು ಸೇರಿದವು. ಮಂಡಳಿಯು ಪ್ರಕಟಿಸಿದ ಪಟ್ಟಿಯಲ್ಲಿ ಅರ್ಹತೆಯ ಹೆಸರಿದ್ದರೆ ಕಾಲೇಜಿನ ವೈಯಕ್ತಿಕ ಹೋಲಿಕೆಯ ಅವಶ್ಯಕತೆಯಿಲ್ಲ. ಆರು ತಿಂಗಳ ಮೇಲ್ವಿಚಾರಣೆ ಸಾಕು. ಪಟ್ಟಿಗೆ ಮೊದಲು ಸೇರಿದ್ದು ಬ್ರಿಟನ್, ಐರ್ಲೆಂಡ್ ಮತ್ತು ನ್ಯೂಜಿಲೆಂಡ್‌ಗಳ ಅರ್ಹತೆಗಳು. ಭಾರತದ ಎಂ.ಡಿ., ಎಂ.ಎಸ್. ಅಥವಾ ಡಿ.ಎನ್.ಬಿ.ಗಳಿಗೆ ಆಗ ಸ್ಥಾನ ದೊರೆಯಲಿಲ್ಲ.

ಕರ್ನಾಟಕದ ಕಾಲೇಜಿನಲ್ಲಿ ಎಂ.ಬಿ.ಬಿ.ಎಸ್. ಮುಗಿಸಿ, ಬ್ರಿಟನ್ನಿನಲ್ಲಿ ಕುಟುಂಬ ವೈದ್ಯ ತರಬೇತಿಯನ್ನು ಪೂರ್ಣಗೊಳಿಸಿದವನಿಗೆ ಈ ಮಾರ್ಗ ತೆರೆದಿದೆ. ಸ್ನಾತಕೋತ್ತರ ಶಿಕ್ಷಣವನ್ನೂ ಇಲ್ಲಿಯೇ ಪಡೆದ ಆತನ ಸಹಪಾಠಿಯು ದೀರ್ಘ ಮಾರ್ಗವನ್ನೇ ಹಿಡಿಯಬೇಕು. ಇಬ್ಬರ ಬುದ್ಧಿ, ಶ್ರಮ ಸಮಾನವಾಗಿರಬಹುದು. ತರಬೇತಿ ನೀಡಿದ ಸಂಸ್ಥೆಯ ಮೇಲೆ ಆಸ್ಟ್ರೇಲಿಯಾಕ್ಕಿರುವ ವಿಶ್ವಾಸ ಸಮಾನವಾಗಿಲ್ಲ. ಎಲ್ಲಿ ಸಂಸ್ಥೆಯ ಮೇಲೆ ವಿಶ್ವಾಸವಿರುವುದಿಲ್ಲವೋ ಅಲ್ಲಿ ಪುರಾವೆಯ ಹೊರೆ ವ್ಯಕ್ತಿಯ ಹೆಗಲಿಗೇರುತ್ತದೆ.

ಉದ್ಯಮಿಗಳು ಗಮನಿಸಬೇಕಾದುದು

ಮಕ್ಕಳನ್ನು ವೈದ್ಯಕೀಯಕ್ಕೆ ಸೇರಿಸಿರುವ ವರ್ತಕ ಕುಟುಂಬಗಳು ದಾಖಲೆಗಳ ವಿಷಯದಲ್ಲಿ ಆರಂಭದಿಂದಲೇ ಜಾಗರೂಕರಾಗಿರುವುದು ಲೇಸು. ಪದವಿಪತ್ರದಲ್ಲಿ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ವಿಸ್ತರಿಸಿದ ಹೆಸರು ಇದ್ದರೆ ಪರಿಶೀಲನೆ ಅಲ್ಲಿಯೇ ನಿಲ್ಲಬಹುದು. ಲೆಟರ್ ಆಫ್ ಕ್ರೆಡಿಟ್‌ನಲ್ಲಿರುವ ಹೆಸರಿಗೂ ಇನ್‌ವಾಯ್ಸ್‌ಗೂ ತಾಳೆಯಾಗದಾಗ ಬ್ಯಾಂಕು ಹಣ ತಡೆಹಿಡಿಯುವುದನ್ನು ಬಲ್ಲವರಿಗೆ ಇದು ಹೊಸದಲ್ಲ. ನಿರ್ವಹಿಸಿದ ಪ್ರಕರಣಗಳ ಪಟ್ಟಿ, ತರಬೇತಿಯ ಅವಧಿಯ ಪತ್ರ ಮತ್ತು ಮೇಲ್ವಿಚಾರಕರ ವರದಿಗಳನ್ನು ಕೆಲಸ ನಡೆಯುತ್ತಿರುವಾಗಲೇ ಸಂಗ್ರಹಿಸಬೇಕು. ವರ್ಷಗಳ ನಂತರ ಆಸ್ಪತ್ರೆಗಳನ್ನು ಅಲೆದು ಅವನ್ನು ಪಡೆಯುವುದು ದುಸ್ತರ.

ಸರಕುಗಳ ಕ್ಷೇತ್ರದಲ್ಲಿ ಈ ಸಮಸ್ಯೆಗೆ ಒಂದು ಪರಿಹಾರ ಕಂಡುಬಂದಿದೆ. ಭಾರತದ ಪ್ರಯೋಗಾಲಯಗಳಿಗೆ ಮಾನ್ಯತೆ ನೀಡುವ ಎನ್.ಎ.ಬಿ.ಎಲ್. 2000ದಲ್ಲಿ ಅಂತರರಾಷ್ಟ್ರೀಯ ಪರಸ್ಪರ ಮಾನ್ಯತಾ ಒಡಂಬಡಿಕೆಗೆ ಸಹಿ ಹಾಕಿತು. ಹೀಗೆ ಮಾನ್ಯತೆ ಪಡೆದ ಪ್ರಯೋಗಾಲಯದ ವರದಿಗೆ ಹೊರದೇಶದಲ್ಲಿ ಬೆಲೆ ದೊರೆಯುತ್ತದೆ. ಸಣ್ಣ ತಯಾರಕನು ಪ್ರತಿಯೊಂದು ಸರಕಿಗೂ ತಾನೊಬ್ಬನೇ ಹೋರಾಡಬೇಕಿಲ್ಲ. ತಜ್ಞವೈದ್ಯರ ವಿಷಯದಲ್ಲಿ ಇಂತಹ ಸಾಂಸ್ಥಿಕ ವಿಶ್ವಾಸವನ್ನು ಗಳಿಸುವ ಕಾರ್ಯ ಇನ್ನೂ ಮುಂದಿದೆ. ಅಲ್ಲಿಯವರೆಗೆ ಪ್ರತಿಯೊಬ್ಬ ವೈದ್ಯನೂ ತನ್ನ ಕಡತವನ್ನು ತಾನೇ ಹೊತ್ತು ಸಾಗಬೇಕಾಗಿದೆ.