ಬೀಳುವುದಕ್ಕೆಂದೇ ಕೊಳ್ಳುವ ಗಾಡಿ

ಚಿಂತಾಮಣಿ ತಾಲ್ಲೂಕಿನ ಮುರುಗಮಲ್ಲದ ಸುತ್ತ ಡರ್ಟ್ ಬೈಕ್ ಕಲಿಯಲು ನೆಲಕ್ಕೇನೂ ಬರವಿಲ್ಲ. ಬಂಡೆಗುಡ್ಡ, ಗರಸು ಮಣ್ಣಿನ ದಿಣ್ಣೆ, ನೀಲಗಿರಿ ತೋಪಿನ ಕಾಲುದಾರಿ, ಟೊಮೆಟೊ ಮುಗಿದು ಬೀಡು ಬಿದ್ದ ಹೊಲ, ಎಲ್ಲವೂ ಇದೆ. ಎಡವುವುದು ಗಾಡಿ ಆರಿಸುವಾಗ. ಮಗ ಮೊಬೈಲಿನಲ್ಲಿ ಡಕಾರ್ ರ‍್ಯಾಲಿ ನೋಡಿ ದೊಡ್ಡ ಗಾಡಿ ಕೇಳುತ್ತಾನೆ. ಅಪ್ಪ ಪರಿಚಯದವರ ಹತ್ತಿರ ಕಡಿಮೆ ದುಡ್ಡಿಗೆ ಸಿಕ್ಕಿದ್ದನ್ನು ತರುತ್ತಾರೆ. ಇಬ್ಬರೂ ಮರೆಯುವ ವಿಷಯವೆಂದರೆ, ಈ ಗಾಡಿ ಬೀಳುತ್ತದೆ. ಮೊದಲ ವಾರ ದಿನಕ್ಕೆ ನಾಲ್ಕು ಸಲ ಬಿದ್ದರೂ ಆಶ್ಚರ್ಯವಿಲ್ಲ. ಬಿದ್ದಾಗ ಎತ್ತುವವರು ಯಾರು, ಮುರಿಯುವುದೇನು, ಮುರಿದದ್ದು ಎಲ್ಲಿ ಸಿಗುತ್ತದೆ ಎಂದು ಯೋಚಿಸಿ ಕೊಂಡರೆ ಅರ್ಧ ತೊಂದರೆ ಅಲ್ಲೇ ಕಳೆಯುತ್ತದೆ.

ವಯಸ್ಸಿನ ಮಾತು ಮೊದಲು ಮುಗಿಸಿಬಿಡೋಣ. ಗೇರ್ ಇರುವ ಬೈಕನ್ನು ರಸ್ತೆಯಲ್ಲಿ ಓಡಿಸಲು 18 ತುಂಬಿರಬೇಕು. 16ಕ್ಕೆ ಸಿಗುವ ಲೈಸೆನ್ಸು 50 ಸಿಸಿ ಮೀರದ, ಗೇರ್ ಇಲ್ಲದ ಗಾಡಿಗೆ ಮಾತ್ರ. ರೇಷ್ಮೆಗೂಡಿನ ಮೂಟೆ ಹೊರುವ ನಮ್ಮ ಟಿವಿಎಸ್ ಎಕ್ಸ್‌ಎಲ್ 100 ಕೂಡ ಆ ಲೆಕ್ಕಕ್ಕೆ ಬರುವುದಿಲ್ಲ. ಅದು ಮೊಪೆಡ್ ತಾನೇ, ಹುಡುಗರು ಓಡಿಸಬಹುದು ಎಂದು ನಂಬಿರುವವರು ಊರಿಗೆ ಹತ್ತು ಮಂದಿ ಸಿಗುತ್ತಾರೆ. 2019ರ ತಿದ್ದುಪಡಿಯ ನಂತರ ಅಪ್ರಾಪ್ತರು ಓಡಿಸಿ ತಪ್ಪು ಮಾಡಿದರೆ ಪೋಷಕರಿಗೆ ಇಲ್ಲವೇ ಗಾಡಿಯ ಮಾಲೀಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಗಾಡಿಯ ನೋಂದಣಿ 12 ತಿಂಗಳು ರದ್ದು, ಮಗನಿಗೆ 25 ತುಂಬುವವರೆಗೆ ಲೈಸೆನ್ಸೂ ಇಲ್ಲ. ಆದ್ದರಿಂದ 18ರ ಒಳಗಿನವರು ಕಲಿಯಬೇಕಾದದ್ದು ಬೇಲಿ ಇರುವ ಸ್ವಂತ ಹೊಲದಲ್ಲಿ, ದೊಡ್ಡವರ ಕಣ್ಣೆದುರು. ಗಾಡಿಯನ್ನು ಹೊಲದವರೆಗೆ ಅಪ್ಪನೇ ಓಡಿಸಿಕೊಂಡು ಹೋಗಲಿ. ಒಣಗಿದ ಕೆರೆಯಂಗಳ ಖಾಲಿ ಕಂಡರೂ ದನ ಮೇಯಿಸುವವರಿಂದ ಹಿಡಿದು ಎಲ್ಲರೂ ಓಡಾಡುವ ಜಾಗ. ಮುರುಗಮಲ್ಲದ ದರ್ಗಾ ಕಡೆಯ ಜನಸಂದಣಿಯ ಬೀದಿಯ ಮಾತಂತೂ ಬೇಡವೇ ಬೇಡ.

ಹೊಲವಿಲ್ಲದವರಿಗೆ ಕೋಲಾರದ ಹತ್ತಿರ ಬಿಗ್ ರಾಕ್ ಡರ್ಟ್‌ಪಾರ್ಕ್ ಇದೆ. ಅದನ್ನು ಕಟ್ಟಿದವರು 2015ರಲ್ಲಿ ಡಕಾರ್ ರ‍್ಯಾಲಿಯನ್ನು ಪೂರೈಸಿದ ಮೊದಲ ಭಾರತೀಯ, ಬೆಂಗಳೂರಿನ ಸಿ.ಎಸ್. ಸಂತೋಷ್. ಗಾಡಿ ಕೊಳ್ಳುವ ಮೊದಲೇ ಅಂಥ ಕಡೆ ತರಬೇತಿ ಪಡೆದರೆ ಹುಡುಗನಿಗೆ, ಹುಡುಗಿಗೂ ಸೇರಿಸಿ ಹೇಳುತ್ತಿದ್ದೇನೆ, ಇದರಲ್ಲಿ ನಿಜವಾದ ಆಸಕ್ತಿ ಎಷ್ಟಿದೆ ಎಂಬುದು ಗೊತ್ತಾಗುತ್ತದೆ. 2019ರಲ್ಲಿ ಬಾಹಾ ರ‍್ಯಾಲಿಗಳ ವಿಶ್ವಕಪ್‌ನಲ್ಲಿ ಮಹಿಳೆಯರ ವಿಭಾಗ ಗೆದ್ದ ಐಶ್ವರ್ಯಾ ಪಿಸ್ಸೆ ಕೂಡ ಬೆಂಗಳೂರಿನವರೇ.

ಈಗ ಗಾಡಿ. ಕವಾಸಾಕಿಯ ಕೆಎಲ್‌ಎಕ್ಸ್ 110, 140ರಂಥ ಚಿಕ್ಕ ಡರ್ಟ್ ಬೈಕುಗಳು ಮಕ್ಕಳಿಗೆ ಹೇಳಿ ಮಾಡಿಸಿದಂತಿವೆ, ಆದರೆ ಅವುಗಳಿಗೆ ನೋಂದಣಿ ಇಲ್ಲ, ರಸ್ತೆಗಿಳಿಸುವಂತಿಲ್ಲ, ಬೆಲೆಯೂ ಜಾಸ್ತಿ. ನಮ್ಮ ಕಡೆ ಸೆಕೆಂಡ್ ಹ್ಯಾಂಡ್‌ನಲ್ಲಿ ಕೈಗೆಟಕುವುದು ಹೀರೋ ಕಂಪನಿಯ ಎರಡು ಗಾಡಿಗಳು. 2011ರಲ್ಲಿ ಬಂದ ಇಂಪಲ್ಸ್ 150 ಸಿಸಿಯದು, ತೂಕ 134 ಕೆಜಿ. ಅದರ ಇಂಜಿನ್ನು ಹಂಕ್, ಸಿಬಿಝೆಡ್ ಎಕ್ಸ್‌ಟ್ರೀಮ್‌ಗಳ ಬಳಗದ್ದಾದ್ದರಿಂದ ಹಳೆ ಮೆಕ್ಯಾನಿಕ್‌ಗಳಿಗೆ ಹೊಸದೇನಲ್ಲ. ಗಾಡಿಯ ತಯಾರಿಕೆ ನಿಂತು ವರ್ಷಗಳಾದ್ದರಿಂದ ಅದರ ಪ್ಲಾಸ್ಟಿಕ್ಕು, ಫೋರ್ಕಿನ ಭಾಗಗಳಿಗೆ ಮಾತ್ರ ಅಲೆಯಬೇಕು. 2019ರಲ್ಲಿ ಬಂದ ಎಕ್ಸ್‌ಪಲ್ಸ್ 200ಕ್ಕೆ ಮುಂದೆ 21 ಇಂಚಿನ, ಹಿಂದೆ 18 ಇಂಚಿನ ಕಡ್ಡಿ ಚಕ್ರ, ನೆಲದಿಂದ 220 ಮಿಲಿಮೀಟರ್ ಎತ್ತರ, ತೂಕ 154 ಕೆಜಿ. ಬಿಡಿಭಾಗಗಳು ಸುಲಭವಾಗಿ ಸಿಗುತ್ತವೆ. ಎಕ್ಸ್‌ಪಲ್ಸ್ 200ಟಿ ಎಂದು ಇನ್ನೊಂದಿದೆ, ಅಲಾಯ್ ಚಕ್ರದ್ದು. ಹೆಸರು ನೋಡಿ ಮೋಸಹೋಗಬೇಡಿ, ಅದು ಡಾಂಬರು ರಸ್ತೆಯ ಗಾಡಿ. ರಾಯಲ್ ಎನ್‌ಫೀಲ್ಡ್ ಹಿಮಾಲಯನ್ ಒಳ್ಳೆಯದೇ, ಆದರೆ 180 ಕೆಜಿ ದಾಟಿದ್ದನ್ನು ಹದಿಹರೆಯದ ಹೊಸಬರ ಕೈಗೆ ಕೊಡುವುದು ನನಗೆ ಒಪ್ಪಿಗೆಯಿಲ್ಲ.

ಸೀಟಿನ ಎತ್ತರದ ಬಗ್ಗೆ ಎಲ್ಲರೂ ಹೆದರುತ್ತಾರೆ. ಎಕ್ಸ್‌ಪಲ್ಸ್‌ನದು 823 ಮಿಲಿಮೀಟರ್. ಕೂತಾಗ ಶಾಕ್ ಅಬ್ಸಾರ್ಬರ್ ಸ್ವಲ್ಪ ಇಳಿಯುತ್ತದೆ. ಎರಡೂ ಪಾದ ಪೂರ್ತಿ ಊರಬೇಕಿಲ್ಲ, ಒಂದು ಕಾಲಿನ ಮುಂಗಾಲು ಗಟ್ಟಿಯಾಗಿ ಸಿಕ್ಕಿದರೆ ಸಾಕು. ಅದಕ್ಕಿಂತ ದೊಡ್ಡ ಪರೀಕ್ಷೆ ಎತ್ತುವುದು. ಮಾರುವವರ ಒಪ್ಪಿಗೆ ಪಡೆದು, ಮೆತ್ತನೆಯ ನೆಲದ ಮೇಲೆ ಗೋಣಿಚೀಲ ಹಾಸಿ, ಇಂಜಿನ್ ಆಫ್ ಮಾಡಿ, ಮೊದಲ ಗೇರ್‌ನಲ್ಲಿಟ್ಟು ಗಾಡಿಯನ್ನು ನಿಧಾನಕ್ಕೆ ಮಲಗಿಸಿ. ಪೆಟ್ರೋಲ್ ಕಾಕ್ ಇದ್ದರೆ ಬಂದ್ ಮಾಡಿರಿ. ಬಲಕ್ಕೆ ಮಲಗಿಸುವುದಾದರೆ ಸೈಡ್ ಸ್ಟ್ಯಾಂಡ್ ಮೊದಲೇ ಬಿಚ್ಚಿಡಬೇಕು, ಇಲ್ಲದಿದ್ದರೆ ಎತ್ತಿದ ರಭಸಕ್ಕೆ ಆಚೆ ಕಡೆ ಬೀಳುತ್ತದೆ. ಮಗ ಗಾಡಿಗೆ ಬೆನ್ನು ಕೊಟ್ಟು ಕುಕ್ಕರಗಾಲಲ್ಲಿ ಕೂತು, ಸೊಂಟವನ್ನು ಸೀಟಿಗೆ ಒತ್ತಿ, ಒಂದು ಕೈಯಲ್ಲಿ ಕೆಳಗಿನ ಹ್ಯಾಂಡಲ್ ಗ್ರಿಪ್ಪು, ಇನ್ನೊಂದರಲ್ಲಿ ಸೀಟಿನ ಹಿಂದಿನ ಕಂಬಿ ಹಿಡಿದು, ತೊಡೆಯ ಬಲದಲ್ಲಿ ಪುಟ್ಟ ಪುಟ್ಟ ಹೆಜ್ಜೆಯಿಟ್ಟು ಹಿಂದಕ್ಕೆ ನಡೆಯಲಿ. ಬೆನ್ನು ಬಗ್ಗಿಸಿ ಎಳೆದರೆ ನಡು ಹಿಡಿದುಕೊಳ್ಳುತ್ತದೆ. ಒಬ್ಬನೇ ಎತ್ತಲಾರದಿದ್ದರೆ ಆ ಗಾಡಿಗೆ ಅವನಿನ್ನೂ ಸಜ್ಜಾಗಿಲ್ಲ.

ಗಾಡಿ ನೋಡಲು ಬೆಳಿಗ್ಗೆ ಹೋಗಿ, ಇಂಜಿನ್ ಬಿಸಿ ಮಾಡಿಡಬೇಡಿ ಎಂದು ಮೊದಲೇ ಹೇಳಿರಿ. ಹೋದ ತಕ್ಷಣ ಇಂಜಿನ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ತಣ್ಣಗಿನ ಸ್ಟಾರ್ಟಿಂಗ್‌ನಲ್ಲಿ ಏನೋ ತೊಂದರೆ ಇರಬಹುದು, ಆರುವವರೆಗೆ ಕಾಯಿರಿ. ಸ್ಟಾರ್ಟ್ ಆದ ಮೇಲೂ ಸೈಲೆನ್ಸರ್‌ನಿಂದ ನೀಲಿ ಹೊಗೆ ಬರುತ್ತಲೇ ಇದ್ದರೆ ಆಯಿಲ್ ಸುಡುತ್ತಿದೆ ಎಂದರ್ಥ. ಮಣ್ಣಿನಲ್ಲಿ ಓಡಿದ ಗಾಡಿಗೆ ಆ ಕಾಯಿಲೆ ಬರುವುದು ಹೆಚ್ಚಾಗಿ ಏರ್ ಫಿಲ್ಟರ್ ದಾರಿಯಿಂದ. ಡಬ್ಬಿ ಬಿಚ್ಚಿಸಿ, ಫಿಲ್ಟರ್ ತೆಗೆದು, ಒಳಗಿನ ಕಡೆಗೆ ಬೆರಳು ಸವರಿ. ಹೊರಗಡೆ ಕೆಂಪು ಧೂಳು ಕೂತಿದ್ದರೆ ಸಹಜ. ಇಂಜಿನ್ನಿಗೆ ಗಾಳಿ ಹೋಗುವ ಕೊಳವೆಯೊಳಗೆ ಬೆರಳಿಗೆ ನುಣ್ಣನೆ ಮಣ್ಣು ಹತ್ತಿದರೆ ಅದು ಪಿಸ್ಟನ್ನು, ರಿಂಗುಗಳನ್ನು ಉಜ್ಜಿ ಸವೆಸಿರುತ್ತದೆ. ಮೀಟರಿನಲ್ಲಿ ಎಷ್ಟು ಕಡಿಮೆ ಕಿಲೋಮೀಟರ್ ಇದ್ದರೂ ಅಂಥ ಗಾಡಿ ಬಿಡಿ.

ಆಮೇಲೆ ನೆಲದ ಮೇಲೆ ಒರಗಿ ಗಾಡಿಯ ಹೊಟ್ಟೆ ನೋಡಬೇಕು. ಕೆಳಗಿನ ಬ್ಯಾಶ್ ಪ್ಲೇಟ್ ನೆಗ್ಗಿದ್ದರೆ ಅದು ತನ್ನ ಕೆಲಸ ಮಾಡಿದೆ. ಅದರ ಹಿಂದೆ ಟಾರ್ಚ್ ಬಿಟ್ಟು ಇಂಜಿನ್ ಕೇಸನ್ನು ನೋಡಿ: ಎಂ-ಸೀಲ್ ಮೆತ್ತಿದ ಗುರುತು, ಆಯಿಲ್ ಜಿನುಗಿದ ಜಾಗ ಕಂಡರೆ ಬಂಡೆಗೆ ಬಡಿದು ಬಿರುಕು ಬಿಟ್ಟಿರುವ ಗಾಡಿ. ಹ್ಯಾಂಡಲ್ಲಿನ ಕುತ್ತಿಗೆ ಹತ್ತಿರ, ಫುಟ್‌ರೆಸ್ಟ್ ಬುಡದಲ್ಲಿ ಹೊಸ ಬಣ್ಣವೋ ವೆಲ್ಡಿಂಗೋ ಇದೆಯೇ ನೋಡಿ. ಚಾಸಿಗೆ ವೆಲ್ಡಿಂಗ್ ಆಗಿದ್ದರೆ ಚೌಕಾಸಿಗೂ ಕೂರಬೇಡಿ.

ಚಕ್ರದ ಕಡ್ಡಿಗಳನ್ನು ಒಂದೊಂದಾಗಿ ಸಣ್ಣ ಸ್ಪ್ಯಾನರ್‌ನಿಂದ ತಟ್ಟುತ್ತಾ ಬನ್ನಿ. ಬಿಗಿ ಇದ್ದದ್ದು ಟಣ್ ಎನ್ನುತ್ತದೆ, ಸಡಿಲವಾದದ್ದರ ಸದ್ದು ಮಂಕು. ನಾಲ್ಕೈದು ಕಡ್ಡಿ ಸಡಿಲವಿದ್ದರೆ ಬಿಗಿ ಮಾಡಿಸಬಹುದು, ರಿಮ್ಮೇ ಸೊಟ್ಟಗಿದ್ದರೆ ಬೆಲೆ ಇಳಿಸಿ. ಮುಂದಿನ ಚಕ್ರವನ್ನು ನೆಲದಿಂದ ಎತ್ತಿ ಹ್ಯಾಂಡಲ್ ನಿಧಾನಕ್ಕೆ ತಿರುಗಿಸಿದಾಗ ನಡುವೆ ಕಟಕ್ಕೆಂದು ಹಿಡಿದರೆ ಕೋನ್ ಸೆಟ್ ಹೋಗಿದೆ. ಫೋರ್ಕಿನ ಕೊಳವೆಯ ಮೇಲೆ ಎಣ್ಣೆಯ ಉಂಗುರ ಕಂಡರೆ ಸೀಲ್ ಬದಲಿಸಬೇಕು. ಇವೆಲ್ಲ ದುಡ್ಡಿನಿಂದ ಸರಿಹೋಗುವ ಕಾಯಿಲೆಗಳು. ಚೈನ್ ಸ್ಪ್ರಾಕೆಟ್, ಬ್ರೇಕ್ ಶೂ, ಟೈರು ಕೂಡ ಅಷ್ಟೇ.

ಕಾಗದಪತ್ರಕ್ಕೆ ಬಂದರೆ, ಇಂಜಿನ್ ಮತ್ತು ಚಾಸಿ ನಂಬರ್‌ಗಳನ್ನು ಆರ್‌ಸಿ ಜೊತೆ ನೀವೇ ತಾಳೆ ನೋಡಿ. ಬ್ರೋಕರ್ ಓದಿ ಹೇಳಿದ್ದನ್ನು ನಂಬಬೇಡಿ. ಪರಿವಾಹನ್ ಜಾಲತಾಣದಲ್ಲಿ ಬಾಕಿ ಚಲನ್, ಸಾಲದ ಒತ್ತೆ ಇದೆಯೇ ತಿಳಿಯುತ್ತದೆ. ಸಾಲ ತೀರಿದ್ದರೆ ಫಾರಂ 35 ಮತ್ತು ಬ್ಯಾಂಕಿನ ಪತ್ರ ಬೇಕು. ವರ್ಗಾವಣೆಗೆ ಫಾರಂ 29ಕ್ಕೆ ಮಾರುವವರ ಸಹಿ, 30ಕ್ಕೆ ಇಬ್ಬರ ಸಹಿ. ಕೆಎ 67 ನಮ್ಮ ಚಿಂತಾಮಣಿಯದೇ, ಕೆಎ 40 ಚಿಕ್ಕಬಳ್ಳಾಪುರದ್ದು. ಇವಾದರೆ ಓಡಾಟ ಕಡಿಮೆ. ಮದನಪಲ್ಲಿ ಕಡೆಯ ಎಪಿ ಗಾಡಿ ಅಗ್ಗಕ್ಕೆ ಸಿಗುತ್ತದೆಂದು ಅನೇಕರು ಮುಗಿಬೀಳುತ್ತಾರೆ. ಅಲ್ಲಿನ ಎನ್‌ಒಸಿ, ಇಲ್ಲಿನ ಆಜೀವ ತೆರಿಗೆ, ಮರುನೋಂದಣಿ ಸೇರಿಸಿ ಲೆಕ್ಕ ಹಾಕಿದರೆ ಆ ಅಗ್ಗ ಹೆಚ್ಚಾಗಿ ಉಳಿಯುವುದಿಲ್ಲ. ಕಾಗದವೇ ಇಲ್ಲ, ಹೊಲಕ್ಕೆ ತಾನೇ ಎನ್ನುವವರ ಗಾಡಿಯನ್ನು ಮುಟ್ಟಬೇಡಿ, ಕದ್ದ ಮಾಲಾಗಿದ್ದರೆ ಠಾಣೆ ಮೆಟ್ಟಿಲು ಹತ್ತುವವರು ನೀವು. ಆರ್‌ಸಿ ಅಪ್ಪನ ಇಲ್ಲವೇ ಅಮ್ಮನ ಹೆಸರಿಗೆ ಬರಲಿ. ಇನ್ಶೂರೆನ್ಸನ್ನೂ 14 ದಿನದೊಳಗೆ ಹೆಸರು ಬದಲಿಸಲು ಅರ್ಜಿ ಕೊಡಿ.

ಇನ್ನು ದುಡ್ಡು. ಕೈಯಲ್ಲಿರುವುದಷ್ಟನ್ನೂ ಗಾಡಿಗೇ ಸುರಿಯಬೇಡಿ. ಐಎಸ್‌ಐ ಗುರುತಿನ, ಗಲ್ಲ ಮುಚ್ಚುವ ಹೆಲ್ಮೆಟ್ಟು, ಮೊಣಕಾಲು ಮೊಣಕೈ ಗಾರ್ಡು, ಕೈಗವಸು, ಹಿಮ್ಮಡಿ ಗಂಟು ಮುಚ್ಚುವ ಬೂಟು, ಇವಿಷ್ಟರ ಹಣ ಮೊದಲೇ ಎತ್ತಿಡಿ. ಬೂಟಿನ ವಿಷಯದಲ್ಲಿ ಮನೆಮನೆಯಲ್ಲೂ ಜಗಳವಾಗುತ್ತದೆ, ಆದರೂ ಬಿಡಬೇಡಿ. 154 ಕೆಜಿ ಮಗ್ಗುಲಾದಾಗ ಅಡಿಗೆ ಸಿಕ್ಕುವುದು ಬಹುಪಾಲು ಕಾಲೇ. ಎಕ್ಸ್‌ಪಲ್ಸ್ ಕೊಂಡರೆ ಜೊತೆಗೆ ಒಂದು 21 ಇಂಚಿನ ಟ್ಯೂಬು ತಂದು ಮನೆಯಲ್ಲಿಟ್ಟುಕೊಳ್ಳಿ, ಆ ಅಳತೆಯದು ಊರಿನ ಪಂಕ್ಚರ್ ಅಂಗಡಿಯಲ್ಲಿ ಸಿಗುವುದು ಅಪರೂಪ.