ನಾಯಿಮರಿಯ ಬಾಲದ ಗಾಯ: ಗುರುತಿಸುವಿಕೆ ಮತ್ತು ಆರೈಕೆ

(ಗ್ರಾಮ ಪಂಚಾಯಿತಿ ಸದಸ್ಯರಿಗಾಗಿ ಅಧ್ಯಯನ ಪಾಠ)

ಶಹಾಪುರ ತಾಲ್ಲೂಕಿನ ಬೇಸಿಗೆಯಲ್ಲಿ ನಾಯಿಮರಿಗಳು ನೆರಳನ್ನರಸಿ ಬಂಡಿ, ಟ್ರ್ಯಾಕ್ಟರ್, ಟಂಟಂಗಳ ಕೆಳಗೆ ಮಲಗುತ್ತವೆ. ವಾಹನ ಕದಲಿದಾಗ ಗಾಲಿಗೆ ಸಿಕ್ಕಿ ಬಾಲ ಜಜ್ಜುತ್ತದೆ. ಈ ಗಾಯವನ್ನು ಕಡೆಗಣಿಸಿದರೆ ಮರಿಯ ಜೀವಕ್ಕೂ, ಅದನ್ನು ಎತ್ತಿಕೊಳ್ಳುವ ಮಕ್ಕಳಿಗೂ ಅಪಾಯವುಂಟು.

ಲಕ್ಷಣಗಳು

ಬಾಲವು ಬೆನ್ನೆಲುಬಿನ ಮುಂದುವರಿದ ಭಾಗ. ಅದು ಜೋತುಬೀಳುವುದು, ಸೊಟ್ಟಗಾಗುವುದು, ಬಾವು, ರಕ್ತಸ್ರಾವ, ಮುಟ್ಟಿದರೆ ಚೀರುವುದು ಗಾಯದ ಗುರುತುಗಳು. ತುದಿ ತಣ್ಣಗಾಗಿ ಕಪ್ಪಾದರೆ ರಕ್ತಸಂಚಾರ ನಿಂತಿರುವ ಸಂಭವವಿದೆ. ಬುಡದ ಗಾಯವೇ ಹೆಚ್ಚು ಗಂಭೀರ: ಅಲ್ಲಿ ನರಗಳಿಗೆ ಪೆಟ್ಟಾದರೆ ಮಲಮೂತ್ರದ ಹಿಡಿತ ತಪ್ಪಬಹುದು. ಆದುದರಿಂದ ಮರಿ ಮೂತ್ರ ಮಾಡಿತೇ ಎಂಬುದನ್ನು ತಪ್ಪದೆ ಗಮನಿಸಬೇಕು.

ಪ್ರಥಮ ಚಿಕಿತ್ಸೆ

1. ನೋವಿನಲ್ಲಿರುವ ಮರಿ ಕಚ್ಚಬಹುದು. ಮಕ್ಕಳನ್ನು ದೂರವಿರಿಸಿ, ದಪ್ಪ ಬಟ್ಟೆಯಲ್ಲಿ ಸುತ್ತಿ ಹಿಡಿಯಬೇಕು.
2. ರಕ್ತ ಸುರಿಯುತ್ತಿದ್ದರೆ ಶುಭ್ರ ಬಟ್ಟೆಯಿಂದ 5ರಿಂದ 10 ನಿಮಿಷ ಒತ್ತಿ ಹಿಡಿಯಬೇಕು.
3. ರಕ್ತ ನಿಂತ ಸಣ್ಣ ಗಾಯವನ್ನು ಕುದಿಸಿ ಆರಿಸಿದ ಉಪ್ಪುನೀರಿನಿಂದ ತೊಳೆದು ಸಡಿಲವಾಗಿ ಬಟ್ಟೆ ಸುತ್ತಬೇಕು. ನೀರಿನ ಪ್ರಮಾಣ ಒಂದು ಲೀಟರ್, ಉಪ್ಪು ಎರಡು ಚಿಕ್ಕ ಚಮಚ.
4. ನೆರಳಿನಲ್ಲಿರಿಸಿ, ಕುಡಿಯಲು ನೀರಿಟ್ಟು, ನೊಣ ಕೂರದಂತೆ ಕಾಯಬೇಕು. ಹುಳು ಕಂಡರೆ ವಿಳಂಬವಿಲ್ಲದೆ ಪಶುವೈದ್ಯರಿಗೆ ತೋರಿಸಬೇಕು.

ಮಾಡಬಾರದ್ದು

ಸೀಮೆಎಣ್ಣೆ, ಸುಣ್ಣ, ಇಂಜಿನ್ ಆಯಿಲ್ ಹಚ್ಚಬಾರದು. ದಾರ ಅಥವಾ ರಬ್ಬರ್ ಬಿಗಿದು ಕಟ್ಟಬಾರದು, ಬಾಲ ಕೊಳೆಯುತ್ತದೆ. ಮುರಿದ ಬಾಲವನ್ನು ಎಳೆದು ನೇರಗೊಳಿಸಬಾರದು. ಮನುಷ್ಯರ ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಮಾತ್ರೆಗಳು ನಾಯಿಗೆ ವಿಷವಾಗಬಲ್ಲವು.

ಮನುಷ್ಯರ ಸುರಕ್ಷತೆ

ಎಳೆಯ ಮರಿಯಿಂದಲೂ ರೇಬೀಸ್ ಹರಡಬಹುದು. ಕಚ್ಚಿದರೆ ಅಥವಾ ಪರಚಿದರೆ ಸಾಬೂನು ಮತ್ತು ಹರಿಯುವ ನೀರಿನಿಂದ 15 ನಿಮಿಷ ತೊಳೆದು, ಅದೇ ದಿನ ಸರ್ಕಾರಿ ಆಸ್ಪತ್ರೆಯಲ್ಲಿ ಲಸಿಕೆ ಆರಂಭಿಸಬೇಕು. ಲಕ್ಷಣ ಕಾಣಿಸಿಕೊಂಡ ನಂತರ ರೇಬೀಸ್ ಬಹುತೇಕ ಮಾರಣಾಂತಿಕ.

ಸದಸ್ಯರ ಹೊಣೆ

ಪ್ರಾಣಿಗಳಿಗೆ ಅನಗತ್ಯ ನೋವುಂಟುಮಾಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯನ್ವಯ ಅಪರಾಧ. 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳು ಬೀದಿನಾಯಿಗಳ ಸಂತಾನಹರಣ ಹಾಗೂ ಲಸಿಕೆಯ ಹೊಣೆಯನ್ನು ಸ್ಥಳೀಯ ಸಂಸ್ಥೆಗಳಿಗೆ ವಹಿಸಿವೆ. ಗಾಯಗೊಂಡ ಮರಿ ಕಂಡಲ್ಲಿ ಸದಸ್ಯರು ಸಮೀಪದ ಪಶು ಆಸ್ಪತ್ರೆಗೆ ತಿಳಿಸುವುದು ಅಥವಾ 1962 ಸಂಖ್ಯೆಗೆ ಕರೆಮಾಡಿ ಸಂಚಾರಿ ಪಶು ಚಿಕಿತ್ಸಾ ವಾಹನದ ನೆರವು ಕೋರುವುದು. ಸಾಕಿದ ಮರಿಗೆ ಮೂರು ತಿಂಗಳಾದಾಗ ರೇಬೀಸ್ ಲಸಿಕೆ ಹಾಕಿಸುವಂತೆ ಗ್ರಾಮಸಭೆಯಲ್ಲಿ ತಿಳಿಹೇಳುವುದು. ವಾಹನ ಹೊರಡಿಸುವ ಮುನ್ನ ಕೆಳಗೆ ಬಗ್ಗಿ ನೋಡಬೇಕೆಂದು ಊರಲ್ಲಿ ಡಂಗುರ ಸಾರಿಸುವುದು ಖರ್ಚಿಲ್ಲದ ಮುನ್ನೆಚ್ಚರಿಕೆ.